ಕುರುವಿನ ಕೀವನ್ನು ಒಮ್ಮೆ ಲ್ಯಾಬಿಗೆ ಕಳಿಸಿ ನೋಡಿ

ಸಂಪಾದಕರಿಗೆ ನಮಸ್ಕಾರ.

ನಾನು ಸುರತ್ಕಲ್ ಕಡೆಯವಳು. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ಆದ್ರೂ ದಯವಿಟ್ಟು ಪೂರ್ತಿ ಹಾಕಿ. ಮಳೆಗಾಲದಲ್ಲಿ ಮಕ್ಕಳ ಮೈಮೇಲೆ ಏಳುವ ಕುರುವಿನ ವಿಷಯ ಇದು. ಕುರುವಿಗೆ ಎಂಥದು ಪತ್ರ ಅಂತ ಪುಟ ತಿರುಗಿಸಬೇಡಿ. ಎರಡು ತಿಂಗಳ ಹಿಂದೆ ನಾನೂ ಹಾಗೇ ಅಂದುಕೊಂಡಿದ್ದೆ.

ನನ್ನ ಮಗನಿಗೆ ಹನ್ನೊಂದು ವರ್ಷ. ಶಾಲೆಯ ಕಬಡ್ಡಿ ಟೀಮಿನಲ್ಲಿದ್ದಾನೆ. ಜೂನ್‌ನಲ್ಲಿ ಶಾಲೆ ಶುರುವಾಗಿ, ಮಳೆಯೂ ಸರಿಯಾಗಿ ಹಿಡಿದ ಹೊತ್ತಿಗೆ ಅವನ ಎಡ ತೊಡೆಯ ಹಿಂದೆ ಒಂದು ಕೆಂಪು ಗುಳ್ಳೆ ಎದ್ದಿತು. ಸೊಳ್ಳೆ ಕಚ್ಚಿದ್ದೋ ಇರುವೆ ಕಚ್ಚಿದ್ದೋ ಅಂದುಕೊಂಡೆವು. ಎರಡು ದಿನದಲ್ಲಿ ಅದು ಅಡಿಕೆಯಷ್ಟು ದಪ್ಪವಾಗಿ, ಮುಟ್ಟಿದರೆ ಸುಡುತ್ತಿತ್ತು. ಅತ್ತೆ ನೋಡಿ, ‘ಮಾವಿನಹಣ್ಣು ತಿಂದದ್ದು ಜಾಸ್ತಿ ಆಯ್ತು, ಉಷ್ಣ’ ಎಂದರು. ಮೇ ತಿಂಗಳಿಡೀ ಅಜ್ಜಿ ಮನೆಯಲ್ಲಿ ಕಾಟುಮಾವು ತಿಂದಿದ್ದ, ನನಗೂ ಹೌದೆನಿಸಿತು. ಅರಸಿನ, ಸುಣ್ಣ ಕಲಸಿ ಹಚ್ಚಿದೆವು. ಎಳನೀರು ಕುಡಿಸಿದೆವು.

ಮೂರನೇ ದಿನ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳಿಬಿಡ್ತೇನೆ. ಮಗಳಿಗೆ ಮಾರ್ಚ್‌ನಲ್ಲಿ ಕೆಮ್ಮು ಬಂದಾಗ ಕೊಟ್ಟ ಅಮೋಕ್ಸಿಸಿಲಿನ್ ಮಾತ್ರೆ ನಾಲ್ಕು ಉಳಿದಿತ್ತು, ಅದನ್ನು ಇವನಿಗೆ ಕೊಟ್ಟೆ. ಅದು ಮುಗಿದ ಮೇಲೆ ಮೆಡಿಕಲ್‌ಗೆ ಹೋಗಿ ಫೋನಿನಲ್ಲಿ ಕುರುವಿನ ಫೋಟೋ ತೋರಿಸಿದೆ. ಅಂಗಡಿಯವರು, ‘ಈಗ ಎಲ್ಲಾ ಮಕ್ಕಳಿಗೂ ಉಂಟು ಅಕ್ಕ, ಇದು ಮೂರು ದಿನ ಕೊಡಿ’ ಎಂದು ಸೆಫಿಕ್ಸಿಮ್ ಕೊಟ್ಟರು. ಚೀಟಿ ಕೇಳಲಿಲ್ಲ, ನಾನೂ ಚೀಟಿ ಬೇಡವಾ ಅಂತ ಕೇಳಲಿಲ್ಲ. ಕಡಿಮೆ ಆಗಲಿಲ್ಲ. ಆಮೇಲೆ ಮನೆ ಹತ್ತಿರದ ಒಂದು ಕ್ಲಿನಿಕ್‌ಗೆ ಹೋದೆವು. ಅಲ್ಲಿ ಕುರುವನ್ನು ಮುಟ್ಟಿ ನೋಡದೆಯೇ ಇನ್ನೊಂದು ಆಂಟಿಬಯೋಟಿಕ್ ಬರೆದರು, ಸೆಫಾಲೆಕ್ಸಿನ್, ಐದು ದಿನಕ್ಕೆ. ಒಂದು ಟ್ಯೂಬೂ ಸಿಕ್ಕಿತು.

ಹನ್ನೆರಡನೇ ದಿನ ರಾತ್ರಿ ಜ್ವರ ಏರಿತು. ಬೆಳಿಗ್ಗೆ ಎದ್ದವನಿಗೆ ಕಾಲು ಊರಲಿಕ್ಕೇ ಆಗ್ತಿರಲಿಲ್ಲ. ಕೆಂಪು ತೊಡೆಯಿಡೀ ಹರಡಿತ್ತು. ಮಂಗಳೂರಿನ ಒಂದು ಆಸ್ಪತ್ರೆಗೆ ಓಡಿದೆವು. ಅಲ್ಲಿನ ಸರ್ಜನ್ ಮಾಡಿದ ಮೊದಲ ಕೆಲಸ ಏನು ಗೊತ್ತಾ? ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕುರುವನ್ನು ಸೀಳಿ ಕೀವು ತೆಗೆದರು. ಎರಡನೇ ಕೆಲಸ, ಆ ಕೀವಿನಲ್ಲಿ ಸ್ವಲ್ಪವನ್ನು ಒಂದು ಕೊಳವೆಗೆ ಹಾಕಿ ಲ್ಯಾಬಿಗೆ ಕಳಿಸಿದರು. ಆ ಎರಡನೇ ಕೆಲಸಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಹನ್ನೆರಡು ದಿನದಲ್ಲಿ ನಾವು ಯಾರೂ ಮಾಡದೆ ಉಳಿದದ್ದು ಅದೊಂದೇ.

ಮೂರನೇ ದಿನ ವರದಿ ಬಂತು. ಸ್ಟ್ಯಾಫಿಲೋಕಾಕಸ್ ಆರಿಯಸ್, ಚಿಕ್ಕದಾಗಿ ಸ್ಟ್ಯಾಫ್ ಎನ್ನುವ ಬ್ಯಾಕ್ಟೀರಿಯಾ, ಅದರಲ್ಲೂ ಮಾಮೂಲು ಮದ್ದಿಗೆ ಬಗ್ಗದ ಎಂಆರ್‌ಎಸ್‌ಎ ಎಂಬ ಬಗೆ. ಕೆಳಗೆ ಮದ್ದುಗಳ ಪಟ್ಟಿ, ಪ್ರತಿಯೊಂದರ ಎದುರು ‘ಆರ್’ ಅಥವಾ ‘ಎಸ್’. ಆರ್ ಅಂದರೆ ಆ ಮದ್ದಿಗೆ ರೋಗಾಣು ಬಗ್ಗುವುದಿಲ್ಲ, ಎಸ್ ಅಂದರೆ ಬಗ್ಗುತ್ತದೆ. ನಾನು ಮನೆಯಲ್ಲಿ ಕೊಟ್ಟ ಮದ್ದು, ಅಂಗಡಿಯವರು ಕೊಟ್ಟದ್ದು, ಕ್ಲಿನಿಕ್‌ನಲ್ಲಿ ಬರೆದದ್ದು, ಮೂರೂ ಕೆಲಸಕ್ಕೆ ಬಾರದವು. ಮೂರೂ ಒಂದೇ ಜಾತಿಯವಂತೆ. ಮದ್ದು ಬದಲಾಯಿಸಿದ್ದೇವೆ ಅಂದುಕೊಂಡಿದ್ದೆವು, ಬದಲಾದದ್ದು ಡಬ್ಬಿಯ ಬಣ್ಣ ಮಾತ್ರ. ಸೆಫಿಕ್ಸಿಮ್ ಅಂತೂ ಸಾದಾ ಸ್ಟ್ಯಾಫಿಗೂ ಸರಿಯಾಗಿ ತಾಗುವ ಮದ್ದಲ್ಲ ಎಂದು ಡಾಕ್ಟರ್ ಹೇಳಿದರು. ಪಟ್ಟಿಯಲ್ಲಿ ಎಸ್ ಇದ್ದದ್ದರಲ್ಲಿ ಕ್ಲಿಂಡಾಮೈಸಿನ್ ಆರಿಸಿ ಕೊಟ್ಟರು. ಅದಕ್ಕೂ ಮೊದಲು ಡಿ-ಟೆಸ್ಟ್ ಅಂತ ಇನ್ನೊಂದು ಸಣ್ಣ ಪರೀಕ್ಷೆ ನೋಡಿಕೊಂಡರು. ಕೆಲವು ತಳಿಗಳು ಲ್ಯಾಬಿನಲ್ಲಿ ಕ್ಲಿಂಡಾಮೈಸಿನ್‌ಗೆ ಬಗ್ಗಿದ ಹಾಗೆ ಕಂಡು, ಮದ್ದು ಕೊಡುತ್ತಾ ಹೋದ ಹಾಗೆ ತಿರುಗಿ ಬೀಳ್ತವೆ, ಅದನ್ನು ಮೊದಲೇ ಹಿಡಿಯುವ ಪರೀಕ್ಷೆ ಅದು. ನಾಲ್ಕೇ ದಿನದಲ್ಲಿ ಮಗ ನಡೆದ.

ಅವನು ಗುಣವಾದ, ನಮ್ಮ ಕಥೆ ಸುಖವಾಗಿ ಮುಗಿಯಿತು. ಆದರೆ ಆ ವರದಿ ಕೈಯಲ್ಲಿ ಹಿಡಿದುಕೊಂಡು ಬಂದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಎಂಆರ್‌ಎಸ್‌ಎ ಅಂದರೆ ಐಸಿಯುನಲ್ಲಿ ತಿಂಗಳುಗಟ್ಟಲೆ ಮಲಗಿದವರಿಗೆ, ಆಪರೇಷನ್ ಆದವರಿಗೆ ಬರುವುದು ಅಂತ ಕೇಳಿದ್ದೆ. ನನ್ನ ಮಗ ಹುಟ್ಟಿದ ಮೇಲೆ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿದವನಲ್ಲ. ಅವನಿಗೆ ಎಲ್ಲಿಂದ ಬಂತು? ಡಾಕ್ಟರರನ್ನೇ ಕೇಳಿದೆ. ‘ಅಮ್ಮಾ, ಇದು ಆಸ್ಪತ್ರೆಯಿಂದ ಹೊರಗೆ ಬಂದು ಬಹಳ ವರ್ಷ ಆಯ್ತು’ ಎಂದರು. ಆಮೇಲೆ ನಾನು ಓದಲು ಕೂತೆ. ಓದಿದ್ದರಲ್ಲಿ ಎಲ್ಲ ತಾಯಂದಿರಿಗೂ ಗೊತ್ತಿರಬೇಕು ಅನಿಸಿದ್ದನ್ನು ಇಲ್ಲಿ ಬರೆಯುತ್ತೇನೆ.

ಸ್ಟ್ಯಾಫ್ ನಮಗೆ ಹೊಸತಲ್ಲ. ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರ ಮೂಗಿನೊಳಗೆ ಅದು ಸುಮ್ನೆ ಕೂತಿರುತ್ತದೆ, ಏನೂ ತೊಂದರೆ ಕೊಡದೆ. ಚರ್ಮ ತರಚಿದಾಗ, ತುರಿಸಿ ಗೀರಿದಾಗ ಒಳಗೆ ಹೋಗಿ ಕುರು ಮಾಡುತ್ತದೆ. ಇದನ್ನು ಮೊದಲು ಸರಿಯಾಗಿ ಗುರುತಿಸಿದವರು ಸ್ಕಾಟ್ಲೆಂಡಿನ ಅಬರ್ಡೀನ್ ಊರಿನ ಸರ್ಜನ್ ಅಲೆಕ್ಸಾಂಡರ್ ಆಗ್‌ಸ್ಟನ್, 1880ರ ಹೊತ್ತಿಗೆ. ಅವರು ಮಾಡಿದ್ದು ಇಷ್ಟು: ಕುರುವಿನ ಕೀವನ್ನು ತಂದು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದರು. ದ್ರಾಕ್ಷಿ ಗೊಂಚಲಿನ ಹಾಗೆ ಕಂಡಿತು. ಗ್ರೀಕಿನಲ್ಲಿ ಸ್ಟ್ಯಾಫಿಲೆ ಅಂದರೆ ದ್ರಾಕ್ಷಿ ಗೊಂಚಲು, ಹೆಸರು ಬಂದದ್ದು ಹಾಗೆ. ಆಗ ವಿದ್ಯುತ್ ದೀಪವೂ ಊರೂರಿಗೆ ಬಂದಿರಲಿಲ್ಲ. ಅಂಥ ಕಾಲದಲ್ಲೂ ಒಬ್ಬರು ಕೀವನ್ನು ನೋಡಿದರು. 140 ವರ್ಷ ದಾಟಿದೆ, ನಾವು ಕೀವನ್ನು ಹಿಂಡಿ ಹತ್ತಿಯಲ್ಲಿ ಒರೆಸಿ ಎಸೆಯುತ್ತೇವೆ.

ಪೆನಿಸಿಲಿನ್ ಸಿಕ್ಕಿದ್ದೂ ಇದೇ ಸ್ಟ್ಯಾಫ್‌ನ ದೆಸೆಯಿಂದ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಸ್ಟ್ಯಾಫ್ ಬೆಳೆಸಿದ ತಟ್ಟೆಗೆ ಬೂಷ್ಟು ಹಿಡಿದು, ಅದರ ಸುತ್ತ ರೋಗಾಣು ಸತ್ತಿತ್ತು. ಆ ಬೂಷ್ಟಿನಿಂದ ಬಂದದ್ದೇ ಪೆನಿಸಿಲಿನ್. 1945ರಲ್ಲಿ ನೊಬೆಲ್ ಬಹುಮಾನ ತೆಗೆದುಕೊಂಡಾಗ ಮಾಡಿದ ಭಾಷಣದಲ್ಲಿ ಅವರೇ ಎಚ್ಚರಿಸಿದ್ದರು: ಮುಂದೊಂದು ದಿನ ಪೆನಿಸಿಲಿನ್ ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗಬಹುದು, ಆಗ ಜನ ತಿಳಿಯದೆ ಸಾಲದಷ್ಟು ಮದ್ದು ತೆಗೆದುಕೊಂಡು ರೋಗಾಣುಗಳಿಗೆ ಅದನ್ನು ತಡೆದುಕೊಳ್ಳುವುದನ್ನು ಕಲಿಸಿಬಿಡ್ತಾರೆ ಅಂತ. ಇದನ್ನು ಓದುವಾಗ ನನಗೆ ಆ ನಾಲ್ಕು ಅಮೋಕ್ಸಿಸಿಲಿನ್ ಮಾತ್ರೆಗಳೇ ಕಣ್ಣಮುಂದೆ ಬಂದವು. ಅವರು ಹೇಳಿದ ಆ ಜನ ನಾನೇ.

ಆಮೇಲಿನದ್ದು ಬೇಗ ಬೇಗ ಆಯಿತು. ಪೆನಿಸಿಲಿನ್ ಅನ್ನು ತುಂಡು ಮಾಡುವ ಸ್ಟ್ಯಾಫ್ ಬಂತು. ಅದಕ್ಕೆಂದು 1959ರ ಹೊತ್ತಿಗೆ ಮೆಥಿಸಿಲಿನ್ ತಂದರು. 1961ಕ್ಕೆ ಇಂಗ್ಲೆಂಡಿನಲ್ಲಿ ಅದಕ್ಕೂ ಬಗ್ಗದ ಸ್ಟ್ಯಾಫ್ ಸಿಕ್ಕಿತು. ಎಂಆರ್‌ಎಸ್‌ಎ ಅಂದರೆ ಅದೇ, ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫ್.

ಅದು ಹೇಗೆ ಬಗ್ಗುವುದಿಲ್ಲ ಅನ್ನುವುದನ್ನು ನಾನು ಅರ್ಥ ಮಾಡಿಕೊಂಡ ಹಾಗೆ ಹೇಳ್ತೇನೆ. ಬ್ಯಾಕ್ಟೀರಿಯಾಕ್ಕೆ ಮೈಸುತ್ತ ಒಂದು ಗೋಡೆ ಉಂಟು. ನಮ್ಮಲ್ಲಿ ಕೆಂಪುಕಲ್ಲಿನ ಗೋಡೆ ಕಟ್ಟಲಿಕ್ಕೆ ಮೇಸ್ತ್ರಿ ಬೇಕಲ್ವಾ, ಹಾಗೆ ಆ ಗೋಡೆ ಕಟ್ಟಲಿಕ್ಕೂ ಅದರೊಳಗೆ ಒಬ್ಬ ಮೇಸ್ತ್ರಿ ಇದ್ದಾನೆ. ಪೆನಿಸಿಲಿನ್, ಅಮೋಕ್ಸಿಸಿಲಿನ್, ಸೆಫಾಲೆಕ್ಸಿನ್ ಎಲ್ಲ ಮಾಡುವುದು ಆ ಮೇಸ್ತ್ರಿಯ ಕೈ ಹಿಡಿದು ನಿಲ್ಲಿಸುವ ಕೆಲಸ. ಗೋಡೆ ಏಳುವುದಿಲ್ಲ, ರೋಗಾಣು ಒಡೆದು ಸಾಯುತ್ತದೆ. ಎಂಆರ್‌ಎಸ್‌ಎ ಏನು ಮಾಡಿದೆ ಅಂದರೆ, ಬೇರೆಯೇ ಒಬ್ಬ ಮೇಸ್ತ್ರಿಯನ್ನು ಇಟ್ಟುಕೊಂಡಿದೆ. ಅವನ ಕೈ ಈ ಮದ್ದುಗಳ ಹಿಡಿತಕ್ಕೆ ಸಿಗುವುದಿಲ್ಲ. ಹಾಗಾಗಿ ಆ ಜಾತಿಯ ಮದ್ದು ಜಾಸ್ತಿ ಕೊಟ್ಟರೂ, ಹೆಚ್ಚು ದಿನ ಕೊಟ್ಟರೂ, ದುಬಾರಿ ಕಂಪನಿಯದ್ದು ಕೊಟ್ಟರೂ ಹೆಚ್ಚುಕಡಿಮೆ ಒಂದೇ. ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಮಾತ್ರ ಸಾಯುತ್ತದೆ, ಮಗುವಿಗೆ ಭೇದಿ ಶುರುವಾಗುತ್ತದೆ. ನನ್ನ ಮಗನಿಗೂ ಆಯಿತು.

ಇದು ಆಸ್ಪತ್ರೆಯ ಹೊರಗೆ, ಗಟ್ಟಿಮುಟ್ಟಾದ ಮಕ್ಕಳಲ್ಲಿ ಕೂಡ ಬರುತ್ತದೆ ಎಂದು ಜಗತ್ತು ಬೆಚ್ಚಿ ನೋಡಿದ್ದು 1999ರಲ್ಲಿ. ಅಮೆರಿಕದ ಮಿನೆಸೋಟ ಮತ್ತು ನಾರ್ತ್ ಡಕೋಟ ರಾಜ್ಯಗಳಲ್ಲಿ 1997ರಿಂದ 1999ರ ಒಳಗೆ ನಾಲ್ಕು ಮಕ್ಕಳು ತೀರಿಕೊಂಡಿದ್ದರು. ಒಂದು ವರ್ಷದ ಗಂಡುಮಗು, ಹದಿನಾರು ತಿಂಗಳ ಹೆಣ್ಣುಮಗು, ಏಳು ವರ್ಷದ ಹುಡುಗಿ, ಹದಿಮೂರು ವರ್ಷದ ಹುಡುಗಿ. ಯಾರಿಗೂ ಮೊದಲು ದೊಡ್ಡ ಕಾಯಿಲೆ ಇರಲಿಲ್ಲ. ನಾಲ್ವರಿಗೂ ಮೊದಲು ಕೊಟ್ಟದ್ದು ಸೆಫಲೋಸ್ಪೋರಿನ್ ಜಾತಿಯ ಮದ್ದು, ಅಂದರೆ ನನ್ನ ಮಗನಿಗೆ ಅಂಗಡಿಯಲ್ಲಿ, ಕ್ಲಿನಿಕ್‌ನಲ್ಲಿ ಸಿಕ್ಕಿದ ಅದೇ ಜಾತಿ. ಅಲ್ಲಿನ ವೈದ್ಯರದ್ದು ತಪ್ಪು ಅಂತಲ್ಲ, ಆಗ ಯಾರಿಗೂ ಹೀಗಿರಬಹುದು ಎಂದು ತೋಚುವ ಹಾಗೇ ಇರಲಿಲ್ಲ. ಈಗ ನಮಗೆ ಗೊತ್ತುಂಟು. ಗೊತ್ತಿದ್ದೂ ಅದನ್ನೇ ಮಾಡುತ್ತಿದ್ದೇವೆ, ನನಗೆ ಸಂಕಟ ಆಗುವುದು ಅದಕ್ಕೆ.

ಎಲ್ಲ ಕುರುವೂ ಎಂಆರ್‌ಎಸ್‌ಎ ಅಲ್ಲ, ಎಂಆರ್‌ಎಸ್‌ಎ ಬಂದ ಎಲ್ಲ ಮಕ್ಕಳಿಗೂ ಅಪಾಯ ಆಗುವುದೂ ಇಲ್ಲ. ಜಾಸ್ತಿ ಮಕ್ಕಳಿಗೆ ಚರ್ಮದಲ್ಲೇ ಮುಗಿದುಹೋಗುತ್ತದೆ. ಯಾರನ್ನೂ ಹೆದರಿಸಲಿಕ್ಕೆ ಬರೆಯುತ್ತಿಲ್ಲ. ಆದರೆ ಅಪರೂಪಕ್ಕೆ ಅದು ರಕ್ತಕ್ಕೆ, ಮೂಳೆಗೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ಜ್ವರ ಬಂದರೆ, ಕೆಂಪು ಬೇಗ ಬೇಗ ಹರಡಿದರೆ, ಮಗು ಕುಂಟಿದರೆ ಅಥವಾ ಕೈಕಾಲು ಆಡಿಸಲು ಬಿಡದಿದ್ದರೆ, ಉಸಿರು ಜೋರಾದರೆ, ಮಂಕಾಗಿ ಬಿದ್ದುಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಎಳೆ ಮಕ್ಕಳಿಗೆ ಒಂದೇ ಕೀವುಗುಳ್ಳೆ ಎದ್ದರೂ ಕಾಯಬೇಡಿ. ಮೂಗಿನ ಹತ್ತಿರ, ಮೇಲ್ತುಟಿಯ ಹತ್ತಿರ ಎದ್ದದ್ದನ್ನು ಯಾರೂ ಹಿಂಡಬೇಡಿ, ಅಲ್ಲಿಂದ ಸೋಂಕು ಒಳಗೆ ತಲೆಯ ಕಡೆ ಹೋಗಬಹುದು.

ಇನ್ನು ನಮ್ಮೂರಿನ ವಿಷಯಕ್ಕೆ ಬರುತ್ತೇನೆ. ಮಗ ಮನೆಗೆ ಬಂದ ವಾರಕ್ಕೆ ಮಗಳ ಕಂಕುಳಲ್ಲಿ ಒಂದು ಎದ್ದಿತು. ಇಬ್ಬರೂ ಸ್ನಾನ ಮಾಡಿ ಒಂದೇ ಬೈರಾಸಿನಲ್ಲಿ ಮೈ ಒರೆಸಿಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಒಣಗಿದ ಬೈರಾಸು ಸಿಗುವುದೇ ಕಷ್ಟ, ಹಗ್ಗದ ಮೇಲೆ ಮೂರು ದಿನ ನೇತಾಡಿದರೂ ಹಸಿ ವಾಸನೆ. ಇದ್ದದ್ದನ್ನೇ ಎಲ್ಲರೂ ಬಳಸುವುದು. ಈಗ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ್ದು ಕೊಟ್ಟಿದ್ದೇನೆ. ಬಿಸಿ ನೀರಿನಲ್ಲಿ ಒಗೆದು, ಬಿಸಿಲಿಲ್ಲದ ದಿನ ಇಸ್ತ್ರಿ ಪೆಟ್ಟಿಗೆ ಹಾಯಿಸಿ ಪೂರ್ತಿ ಒಣಗಿಸ್ತೇನೆ. ಮಗಳದ್ದು ಸಣ್ಣದಿರುವಾಗಲೇ ಹೋದೆವು. ಅದೇ ಡಾಕ್ಟರ್ ಕೀವು ತೆಗೆದು, ಲ್ಯಾಬಿಗೂ ಕಳಿಸಿ, ‘ಇದಕ್ಕೆ ಸದ್ಯ ಮಾತ್ರೆ ಬೇಡ, ಮುಚ್ಚಿಡಿ, ಎರಡು ದಿನಕ್ಕೆ ತೋರಿಸಿ’ ಎಂದರು. ಮಾತ್ರೆ ಇಲ್ಲದೆಯೇ ವಾಸಿಯಾಯಿತು. ನನಗೆ ನಂಬಲಿಕ್ಕೇ ಆಗಲಿಲ್ಲ. ಕೀವು ತುಂಬಿದ ಗಂಟಿನೊಳಗೆ ಮದ್ದು ಸರಿಯಾಗಿ ಇಳಿಯುವುದೇ ಇಲ್ಲವಂತೆ, ಸಣ್ಣ ಕುರುವಾದರೆ ಎಷ್ಟೋ ಸಲ ಕೀವು ತೆಗೆಯುವುದೇ ಚಿಕಿತ್ಸೆ. ಯಾರಿಗೆ ಮದ್ದೂ ಬೇಕು ಅನ್ನುವುದನ್ನು ಡಾಕ್ಟರ್ ನೋಡಿ ಹೇಳಬೇಕು. ಮನೆಯಲ್ಲಿ ಸೂಜಿ ಹಾಕಿ ಒಡೆಯುವುದು ಮಾತ್ರ ಬೇಡವೇ ಬೇಡ.

ಮಗಳಿಗೂ ಬಂದ ಮೇಲೆ ಶಾಲೆಯಲ್ಲಿ ಬೇರೆಯವರಿಗೆ ಇರಬಹುದಾ ಎಂದು ಟೀಮಿನ ಮಕ್ಕಳ ಅಮ್ಮಂದಿರಿಗೆ ಒಬ್ಬೊಬ್ಬರಿಗೇ ಫೋನು ಮಾಡಿದೆ. ಮೊದಲು ಎಲ್ಲರೂ ‘ಇಲ್ಲಪ್ಪ’ ಎಂದರು. ನನ್ನ ಮಗನಿಗೆ ಹೀಗೀಗಾಯ್ತು ಎಂದು ಪೂರ್ತಿ ಹೇಳಿದ ಮೇಲೆ ಒಬ್ಬರು ಮೆಲ್ಲ, ‘ನಮ್ಮವನಿಗೂ ಮೊಣಕಾಲಲ್ಲಿ ಎರಡು ಸಲ ಆಯ್ತು’ ಎಂದರು. ಇನ್ನೊಬ್ಬರು ಅತ್ತೇಬಿಟ್ಟರು, ಅವರ ಮಗನಿಗೆ ಏಪ್ರಿಲ್‌ನಿಂದ ಬಂದು ಹೋಗಿ ಬಂದು ಹೋಗಿ ಆಗುತ್ತಿತ್ತು, ನಾಲ್ಕು ಬಗೆಯ ಮದ್ದಾಗಿತ್ತು, ಯಾರಿಗೂ ಹೇಳಿರಲಿಲ್ಲ. ಕುರು ಅಂದರೆ ಮನೆ ಗಲೀಜು, ಮಗು ಸ್ನಾನ ಮಾಡುವುದಿಲ್ಲ ಅಂತ ಜನ ಅಂದುಕೊಳ್ತಾರಲ್ಲ, ಆ ನಾಚಿಕೆ. ಮಗ ಸೆಖೆಯಲ್ಲೂ ಅಂಗಿಯ ತೋಳು ಮಡಚದೆ ಇರ್ತಿದ್ದನಂತೆ, ಮಕ್ಕಳು ನಗಾಡಿಯಾರು ಅಂತ. ಇಬ್ಬರ ಕೀವನ್ನೂ ಯಾರೂ ಪರೀಕ್ಷೆ ಮಾಡಿರಲಿಲ್ಲ. ಹಾಗಾಗಿ ನನ್ನ ಮಗನಿಗೆ ಬಂದದ್ದೇ ಅವರಿಗೂ ಬಂದದ್ದಾ, ಬೇರೆಯಾ, ಯಾರಿಂದ ಯಾರಿಗೆ, ನನಗೆ ಹೇಳಲಿಕ್ಕೆ ಆಗುವುದಿಲ್ಲ. ಯಾರಿಗೂ ಆಗುವುದಿಲ್ಲ, ಯಾಕೆಂದರೆ ಯಾರೂ ನೋಡಲಿಲ್ಲ.

ಕಬಡ್ಡಿ ಬಿಡಿಸಿ ಎಂದು ಕೆಲವರು ಹೇಳಿದರು. ನಾನು ಬಿಡಿಸುವುದಿಲ್ಲ. ಕಬಡ್ಡಿಯಲ್ಲಿ ಮೈಗೆ ಮೈ ತಾಗುತ್ತದೆ, ಮ್ಯಾಟಿಗೆ ಉಜ್ಜಿ ಮೊಣಕಾಲು ಮೊಣಕೈ ತರಚುತ್ತದೆ, ಅದು ನಿಜ. 2003ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ರ‍್ಯಾಮ್ಸ್ ಎಂಬ ಫುಟ್‌ಬಾಲ್ ತಂಡದಲ್ಲಿ 58 ಆಟಗಾರರ ಪೈಕಿ 5 ಮಂದಿಗೆ ಎಂಆರ್‌ಎಸ್‌ಎ ಬಂದಿತ್ತು. ಎಲ್ಲ ಸೋಂಕೂ ಆಗಿದ್ದು ಹುಲ್ಲುಹಾಸಿಗೆ ಉಜ್ಜಿ ಚರ್ಮ ತರಚಿದ ಜಾಗದಲ್ಲಿ. ಆಟದ ನಡುವೆ ಒಂದೇ ಟವೆಲನ್ನು ಮೂರು ಮೂರು ಜನ ಬಳಸುತ್ತಿದ್ದರಂತೆ. ಕೋಟಿಗಟ್ಟಲೆ ದುಡ್ಡಿನ ತಂಡಕ್ಕೇ ಹಾಗಾದ ಮೇಲೆ ನಮ್ಮ ಶಾಲೆ ಮಕ್ಕಳ ಮನೆ ಗಲೀಜು ಅಂತ ಬೆರಳು ತೋರಿಸುವುದರಲ್ಲಿ ಅರ್ಥ ಉಂಟಾ? ಪಿಟಿ ಮೇಷ್ಟ್ರು ಒಳ್ಳೆಯವರು, ಹೇಳಿದ ಕೂಡಲೇ ಒಪ್ಪಿದರು. ಈಗ ಅಭ್ಯಾಸ ಮುಗಿದ ಮೇಲೆ ಮಕ್ಕಳು ಸೋಪು ಹಾಕಿ ಕೈಕಾಲು ತೊಳೆಯುತ್ತಾರೆ, ತರಚಿದ್ದಕ್ಕೆ ಅಲ್ಲೇ ಬ್ಯಾಂಡೇಜು, ಮ್ಯಾಟನ್ನು ಒರೆಸಿ ಒಣಗಿಸ್ತಾರೆ, ಒಬ್ಬರ ಬನಿಯನು ಒಬ್ಬರು ಹಾಕುವುದಿಲ್ಲ. ಕುರು ಇರುವ ಮಗುವನ್ನು ಶಾಲೆಯಿಂದ ಮನೆಗೆ ಕಳಿಸುವ ಅಗತ್ಯವೂ ಇಲ್ಲ, ಕೀವು ಹೊರಗೆ ಬಾರದ ಹಾಗೆ ಸರಿಯಾಗಿ ಮುಚ್ಚಿದ್ದರೆ ಸಾಕು. ವಾಸಿಯಾಗುವವರೆಗೆ ಮೈ ತಾಗುವ ಆಟ, ಈಜು ಬೇಡ ಅಷ್ಟೆ.

ಇನ್ನೇನು ಅಷ್ಟಮಿ ಬಂತು, ಆಮೇಲೆ ನವರಾತ್ರಿ. ನಮ್ಮ ಕಡೆ ಹುಲಿವೇಷ ಹಾಕುವ ಸಣ್ಣ ಮಕ್ಕಳು ಎಷ್ಟಿಲ್ಲ! ನನ್ನ ತಮ್ಮನೂ ಹರಕೆಗೆ ಹುಲಿಯಾದವನೇ, ತಾಸೆಯ ಪೆಟ್ಟು ಕೇಳಿದರೆ ನನಗೆ ಈಗಲೂ ರೋಮ ನಿಲ್ಲುತ್ತದೆ. ಬಣ್ಣ ಹಾಕುವ ಮೊದಲು ಮೈಯ ಕೂದಲು ಬೋಳಿಸ್ತಾರೆ. ಬ್ಲೇಡಿನಿಂದ ಬೋಳಿಸಿದ ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರುಗಳು ಬೀಳ್ತವೆ, ಸ್ಟ್ಯಾಫಿಗೆ ಅಷ್ಟು ದಾರಿ ಸಾಕು. ಒಬ್ಬೊಬ್ಬರಿಗೆ ಹೊಸ ಬ್ಲೇಡು, ಮೈಯಲ್ಲಿ ಕೀವುಗುಳ್ಳೆ ಇರುವ ಮಗುವಿಗೆ ಈ ವರ್ಷ ಬಣ್ಣ ಬೇಡ, ಬಣ್ಣ ತೆಗೆದು ಮೈ ಒರೆಸಲಿಕ್ಕೆ ಅವರವರದ್ದೇ ಬೈರಾಸು. ತಂಡದ ಹಿರಿಯರು ಇಷ್ಟು ನೋಡಿಕೊಂಡರೆ ದೊಡ್ಡ ಉಪಕಾರ.

ಮೆಡಿಕಲ್ ಅಂಗಡಿಯವರಿಗೂ ಎರಡು ಮಾತು ಹೇಳಬೇಕು. ಅವರನ್ನು ಬೈಯಲಿಕ್ಕಲ್ಲ, ರಾತ್ರಿ ಒಂಬತ್ತೂವರೆಗೆ ನಮಗೆ ಬಾಗಿಲು ತೆರೆದಿರುವುದು ಅವರದ್ದೊಂದೇ. ಆದರೆ ಕಾನೂನು ಉಂಟಲ್ಲ. 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 ಎಂದು 46 ಮದ್ದುಗಳಿಗೆ ಬೇರೆಯೇ ನಿಯಮ ಬಂದಿದೆ. ನನಗೆ ಕೊಟ್ಟ ಸೆಫಿಕ್ಸಿಮ್ ಕೂಡ ಅದರಲ್ಲಿದೆ. ಡಾಕ್ಟರ ಚೀಟಿ ಬೇಕು, ಬರೆದವರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟದ್ದು ಎಂದು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಅಮೋಕ್ಸಿಸಿಲಿನ್‌ನಂಥದ್ದಕ್ಕೂ ಚೀಟಿ ಬೇಕೇ ಬೇಕು. ಮಾತ್ರೆಯ ಹಾಳೆಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಕೊಡಬಾರದ ಮದ್ದು ಎಂದು ಕೇಂದ್ರ ಸರ್ಕಾರ 2016ರಲ್ಲೇ ಪ್ರಚಾರ ಮಾಡಿತ್ತು. ನಿಮ್ಮ ಮನೆಯ ಮದ್ದಿನ ಡಬ್ಬಿ ತೆಗೆದು ನೋಡಿ, ಆ ಕೆಂಪು ಗೆರೆ ಎಷ್ಟು ಹಾಳೆಯಲ್ಲಿ ಉಂಟು ಅಂತ. ನಮ್ಮಲ್ಲಿ ಐದರಲ್ಲಿತ್ತು.

ತಲಪಾಡಿ ದಾಟಿದರೆ ಕೇರಳ. ಅಲ್ಲಿ 2024ರ ಜನವರಿಯಲ್ಲಿ ಆಪರೇಷನ್ ಅಮೃತ್ ಎಂದು ಶುರು ಮಾಡಿ, ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವ ಅಂಗಡಿಗಳನ್ನು ಹುಡುಕಿ ಹುಡುಕಿ ಪರಿಶೀಲಿಸಿದರು. ಜನರಿಗೆ ಬೇರೆಯಾಗಿ ಗುರುತು ಸಿಗಲಿ ಎಂದು ಆಂಟಿಬಯೋಟಿಕ್‌ಗಳನ್ನು ನೀಲಿ ಕವರಿನಲ್ಲಿ ಕೊಡುವ ಏರ್ಪಾಡು ಮಾಡಿದರು. ಮಂಜೇಶ್ವರದಲ್ಲಿ ಆಗುವುದು ಉಳ್ಳಾಲದಲ್ಲಿ ಯಾಕೆ ಆಗಬಾರದು?

ಮತ್ತೆ ಇದು ಅಪರೂಪದ ಮಾತೂ ಅಲ್ಲ. ದೇಶದ ದೊಡ್ಡ ಆಸ್ಪತ್ರೆಗಳ ಲೆಕ್ಕ ಇಡುವ ಐಸಿಎಂಆರ್‌ನ 2021ರ ವರದಿಯಲ್ಲಿ, ಪರೀಕ್ಷೆಗೆ ಬಂದ ಸ್ಟ್ಯಾಫ್ ಆರಿಯಸ್‌ನಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಎಂಆರ್‌ಎಸ್‌ಎ ಆಗಿತ್ತು. ಅದು ಆಸ್ಪತ್ರೆಗೆ ಹೋದವರ ಲೆಕ್ಕ, ಊರಿನ ಲೆಕ್ಕ ಅಲ್ಲ. ಜಗತ್ತಿನಲ್ಲಿ 2019ರ ಒಂದೇ ವರ್ಷ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 12 ಲಕ್ಷಕ್ಕೂ ಹೆಚ್ಚು ಜನ ಸತ್ತರು ಎಂಬ ಅಂದಾಜು ಉಂಟು, ಅದರಲ್ಲಿ ಎಂಆರ್‌ಎಸ್‌ಎಯಿಂದ ಸತ್ತವರೇ ಒಂದು ಲಕ್ಷ ದಾಟುತ್ತಾರೆ.

ನಮಗೆ ಬೇಕಾದದ್ದು ನಮ್ಮ ಊರಿನ ಲೆಕ್ಕ. ಸುರತ್ಕಲ್, ಮುಲ್ಕಿ, ಕಾಪು, ಮಲ್ಪೆಯ ಮಕ್ಕಳ ಕುರುವಿನಲ್ಲಿ ಯಾವ ಸ್ಟ್ಯಾಫ್ ಇದೆ, ಅದಕ್ಕೆ ಯಾವ ಮದ್ದು ತಾಗುತ್ತದೆ? ಇದನ್ನು ತಿಳಿಯಲಿಕ್ಕೆ ನಮ್ಮಷ್ಟು ಅನುಕೂಲ ಇರುವ ಊರು ರಾಜ್ಯದಲ್ಲಿ ಇನ್ನೆಷ್ಟು ಇದ್ದೀತು. ವೆನ್‌ಲಾಕ್ ಆಸ್ಪತ್ರೆ 1848ರಿಂದ ಇದೆ, ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದದ್ದು 1953ರಲ್ಲಿ, ಅದರ ಮೇಲೆ ದೇರಳಕಟ್ಟೆ, ಮುಕ್ಕ ಎಂದು ಒಂದರ ಪಕ್ಕ ಒಂದು ಮೆಡಿಕಲ್ ಕಾಲೇಜು. ಎಲ್ಲ ಕಡೆಯೂ ಮೈಕ್ರೋಬಯಾಲಜಿ ಲ್ಯಾಬುಗಳಿವೆ. ದೇಶದ ನಾನಾ ಮೂಲೆಯಿಂದ ಮಕ್ಕಳು ಡಾಕ್ಟರ್ ಓದಲಿಕ್ಕೆ ಇಲ್ಲಿಗೆ ಬರುತ್ತಾರೆ. ಇಷ್ಟೆಲ್ಲ ಇದ್ದು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕುರು ಹೊತ್ತು ಬಂದ ಮಗುವಿನ ಕೀವು ಒಂದು ಕೊಳವೆಯಲ್ಲಿ ಲ್ಯಾಬಿನವರೆಗೆ ಹೋಗಿ ತಲುಪುವುದಕ್ಕೆ ದಾರಿ ಮಾಡುವುದು ಅಷ್ಟು ಕಷ್ಟವಾ? ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಯ ಆರೋಗ್ಯಾಧಿಕಾರಿಗಳಲ್ಲಿ ನನ್ನ ಬೇಡಿಕೆ ಅಷ್ಟೇ. ಕೀವು ಲ್ಯಾಬಿಗೆ ಹೋಗಲಿ. ಬಂದ ವರದಿಗಳನ್ನು ಹೆಸರಿಲ್ಲದೆ ಒಟ್ಟು ಮಾಡಿ, ನಮ್ಮ ಜಿಲ್ಲೆಯಲ್ಲಿ ಯಾವ ಮದ್ದು ಇನ್ನೂ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ವರ್ಷಕ್ಕೊಮ್ಮೆ ಸಣ್ಣ ಸಣ್ಣ ಕ್ಲಿನಿಕ್‌ಗಳಿಗೂ ತಿಳಿಸಲಿ. ನಮಗೆ ಸೆಫಾಲೆಕ್ಸಿನ್ ಬರೆದ ಡಾಕ್ಟರ ಕೈಯಲ್ಲಿ ಅಂಥ ಒಂದು ಹಾಳೆ ಇದ್ದಿದ್ದರೆ ಅವರೂ ಅದನ್ನು ಬರೆಯುತ್ತಿರಲಿಲ್ಲವೇನೋ. ಮಕ್ಕಳ ತಪಾಸಣೆಗೆ ಶಾಲೆಗೆ ಬರುವ ಆರ್‌ಬಿಎಸ್‌ಕೆ ತಂಡದವರು ಹಲ್ಲು, ಕಣ್ಣು ನೋಡುವಾಗ ಮೊಣಕಾಲು, ತೊಡೆ, ಕಂಕುಳೂ ಒಮ್ಮೆ ನೋಡಲಿ, ಮಗುವಿಗೆ ನಾಚಿಕೆ ಆಗದ ಹಾಗೆ, ಒಬ್ಬೊಬ್ಬರನ್ನೇ ಕರೆದು.

ತಾಯಂದಿರೇ, ನಿಮ್ಮಲ್ಲಿ ಕೇಳುವುದು ಇಷ್ಟೆ. ಉಳಿದ ಮಾತ್ರೆ ಕೊಡಬೇಡಿ. ಮೊದಲ ಮದ್ದಿಗೆ ಎರಡು ಮೂರು ದಿನದಲ್ಲಿ ಕುರು ಬಗ್ಗದಿದ್ದರೆ, ಇನ್ನೊಂದು ಮದ್ದು ಬರೆಯುವ ಮೊದಲು ‘ಡಾಕ್ಟ್ರೇ, ಕೀವು ಕಲ್ಚರಿಗೆ ಕಳಿಸಬಹುದಾ?’ ಎಂದು ಕೇಳಿ. ಕಲ್ಚರ್ ಅಂದರೆ ನಾನು ಹೇಳಿದ ಅದೇ ಲ್ಯಾಬ್ ಪರೀಕ್ಷೆ. ಕೇಳಿದರೆ ಡಾಕ್ಟರಿಗೆ ಬೇಜಾರಾಗುತ್ತದೆ ಅಂತ ನಾವು ಸುಮ್ಮನಿರ್ತೇವೆ, ನಾನೂ ಇದ್ದೆ. ನಮ್ಮ ಮಗನ ಕೀವಿನ ಪರೀಕ್ಷೆಗೆ ಕೊಟ್ಟದ್ದು, ಅವನಿಗೆ ತಾಗದ ಆ ಮದ್ದುಗಳಿಗೂ ಟ್ಯೂಬಿಗೂ ಕೊಟ್ಟದ್ದಕ್ಕಿಂತ ಕಡಿಮೆ. ವರದಿಯನ್ನು ಬಿಸಾಡಬೇಡಿ. ಕುರು ಮತ್ತೆ ಬಂದರೆ, ಬೇರೆ ಡಾಕ್ಟರಲ್ಲಿಗೆ ಹೋದರೆ, ಮೊದಲು ಆ ಹಾಳೆ ತೋರಿಸಿ. ನಾನು ಅದನ್ನು ಮಗನ ಆಧಾರ್ ಕಾರ್ಡಿನ ಜೊತೆ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ.

ಅತ್ತೆ ಮೊದಲು ಒಪ್ಪಲಿಲ್ಲ, ಮಾವಿನ ಹಣ್ಣಿನ ಮೇಲೆಯೇ ಹೊರಿಸುತ್ತಿದ್ದರು. ವರದಿ ಓದಿ ಹೇಳಿದ ಮೇಲೆ ಅವರೇ ಅಕ್ಕಪಕ್ಕದ ಮನೆಗೆ ಹೋಗಿ, ‘ಮಕ್ಕಳ ಬೈರಾಸು ಬೇರೆ ಮಾಡಿ’ ಎಂದು ಹೇಳಿ ಬಂದಿದ್ದಾರೆ.

ನಾನು ಹೇಳಿದೆನಲ್ಲ, ಟೀಮಿನ ಆ ಇಬ್ಬರು ಮಕ್ಕಳು. ಅವರಿಗೆ ಮತ್ತೆ ಕುರು ಎದ್ದಿದೆ. ಈ ಸಲ ಇಬ್ಬರ ಅಮ್ಮಂದಿರೂ ಮೆಡಿಕಲ್‌ಗೆ ಹೋಗಲಿಲ್ಲ. ಮೊನ್ನೆ ಸೋಮವಾರ ನಾನೂ ಜೊತೆಗೆ ಹೋಗಿದ್ದೆ, ಇಬ್ಬರೂ ಕೀವು ಕೊಟ್ಟು ಬಂದರು. ವರದಿ ಗುರುವಾರ ಸಿಗುತ್ತದೆ.

ಮಕ್ಕಳ ಗುರುತು ಸಿಗುವುದು ಬೇಡ, ದಯವಿಟ್ಟು ನನ್ನ ಹೆಸರು ಹಾಕಬೇಡಿ.

ಒಬ್ಬ ತಾಯಿ, ಸುರತ್ಕಲ್